ನೋಡಿ ಬರೆಯುವುದು

ನಮ್ಮ ಶಾಲೆಗಳಲ್ಲಿ 'ನೋಡಿ ಬರೆಯುವುದು' ಎಂಬ ಮಾತಿಗೆ ಎರಡು ಅರ್ಥಗಳಿವೆ. ಕಪ್ಪುಹಲಗೆಯ ಮೇಲಿದ್ದುದನ್ನು ನೋಡಿ ಬರೆದರೆ ಅದು ಶಿಸ್ತು. ಪಕ್ಕದವರ ಹಾಳೆಯನ್ನು ನೋಡಿ ಬರೆದರೆ ಅದು ನಕಲು. ಮೊದಲನೆಯದನ್ನು ದಿನವೂ ಮಾಡಿಸುತ್ತೇವೆ, ಎರಡನೆಯದನ್ನು ಪರೀಕ್ಷೆಯ ದಿನ ತಡೆಯುತ್ತೇವೆ. ಇವೆರಡರ ನಡುವೆ ಮೂರನೆಯ ಅರ್ಥವೊಂದು ಕಳೆದುಹೋಗಿದೆ. ಅದು ವಸ್ತುವನ್ನೇ ಎದುರಿಗಿಟ್ಟುಕೊಂಡು, ಅದನ್ನು ನಿಧಾನವಾಗಿ ನೋಡಿ, ಕಂಡದ್ದನ್ನು ಚಿತ್ರವಾಗಿ ಬರೆಯುವುದು. ವಿಜ್ಞಾನ ಬೋಧಿಸಲು ಹೊರಟಿರುವ ನಮಗೆ ಹೆಚ್ಚು ಬೇಕಾದದ್ದು ಈ ಮೂರನೆಯದು. ನಾನು ಅದನ್ನು ಕಲಿಯುತ್ತಿರುವುದು ಕಾಲೇಜಿನ ಕೊಠಡಿಯಲ್ಲಲ್ಲ. ಭಾನುವಾರದ ಬೆಳಿಗ್ಗೆ ಮೈಸೂರಿನ ಹವ್ಯಾಸಿ ಚಿತ್ರಗಾರರ ಜೊತೆ ಬೀದಿ ಬದಿಯಲ್ಲಿ ಕುಳಿತು ರೇಖಾಚಿತ್ರ ಬರೆಯುವಾಗ. ಇಂಥ ಹೊರಸಂಚಾರವೊಂದು ಅಂಕವಿಲ್ಲದೆ, ವರದಿಯಿಲ್ಲದೆ ನಮ್ಮ ಶಿಕ್ಷಕ ಶಿಕ್ಷಣದ ಭಾಗವಾಗಬೇಕು ಎಂಬುದು ನನ್ನ ಅಭಿಪ್ರಾಯ. ಗುರುಗಳೂ ಸಹಪ್ರಶಿಕ್ಷಣಾರ್ಥಿಗಳೂ ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.

ಗುಂಪಿನಲ್ಲಿ ನಡೆಯುವುದೇನು?

ಇದು ಚಿತ್ರಕಲಾ ತರಗತಿಯಲ್ಲ. ಕಲಿಸುವವರು ಯಾರೂ ಇಲ್ಲ. ನಮ್ಮ ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಸಾಫ್ಟ್‌ವೇರ್ ಉದ್ಯೋಗಿಗಳಿದ್ದಾರೆ, ಗೃಹಿಣಿಯರಿದ್ದಾರೆ, ನನ್ನಂಥ ವಿದ್ಯಾರ್ಥಿಗಳಿದ್ದಾರೆ. ಇಪ್ಪತ್ತೈದರ ನಾನೇ ಅಲ್ಲಿ ಕಿರಿಯರ ಸಾಲಿನಲ್ಲಿ ಬರುವುದು. ಬೆಳಿಗ್ಗೆ ಏಳಕ್ಕೆ ಗೊತ್ತಾದ ಜಾಗದಲ್ಲಿ ಸೇರುತ್ತೇವೆ. ಅದು ಒಂದು ವಾರ ಕುಕ್ಕರಹಳ್ಳಿ ಕೆರೆಯ ಏರಿ, ಇನ್ನೊಂದು ವಾರ ಚಾಮುಂಡಿ ಬೆಟ್ಟದ ನಂದಿ, ಮತ್ತೊಂದು ವಾರ ದೇವರಾಜ ಮಾರುಕಟ್ಟೆಯ ಮುಂದಿನ ಚಿಕ್ಕ ಗಡಿಯಾರ. ಒಂದು ಪುಟ್ಟ ಪುಸ್ತಕ, 4ಬಿ ಪೆನ್ಸಿಲ್, ಒಂದು ಜೆಲ್ ಪೆನ್ನು, ಕೂರಲು ಹಳೆಯ ಪತ್ರಿಕೆ ಇಷ್ಟಿದ್ದರೆ ಸಾಕು. ಎರಡು ಗಂಟೆ ಒಬ್ಬೊಬ್ಬರೂ ತಮಗೆ ಬೇಕಾದ ಕಡೆ ಕುಳಿತು ಬರೆಯುತ್ತಾರೆ. ಕೊನೆಯ ಅರ್ಧ ಗಂಟೆ ಎಲ್ಲರೂ ಸೇರಿ ಪುಸ್ತಕಗಳನ್ನು ನೆಲದ ಮೇಲೆ ಸಾಲಾಗಿ ತೆರೆದಿಡುತ್ತಾರೆ. ಸುತ್ತ ನಿಂತು ನೋಡುತ್ತಾರೆ, ಮಾತಾಡುತ್ತಾರೆ, ಕಾಫಿ ಕುಡಿದು ಹೊರಡುತ್ತಾರೆ. ಅಷ್ಟೇ.

ಇಂಥ ಗುಂಪುಗಳು ಈಗ ಜಗತ್ತಿನ ಅನೇಕ ಊರುಗಳಲ್ಲಿವೆ. ಅಮೆರಿಕದ ಸಿಯಾಟಲ್ ನಗರದ ಪತ್ರಕರ್ತ ಗೇಬ್ರಿಯಲ್ ಕ್ಯಾಂಪನಾರಿಯೊ 2007ರಲ್ಲಿ ಆರಂಭಿಸಿದ 'ಅರ್ಬನ್ ಸ್ಕೆಚರ್ಸ್' ಇವುಗಳಲ್ಲಿ ಹೆಸರಾದದ್ದು. ಸ್ಥಳದಲ್ಲೇ ಕುಳಿತು ಬರೆಯಬೇಕು, ಕಣ್ಣಾರೆ ಕಂಡದ್ದನ್ನು ಬರೆಯಬೇಕು, ಕಂಡದ್ದಕ್ಕೆ ನಿಷ್ಠರಾಗಿರಬೇಕು, ಒಬ್ಬರಿಗೊಬ್ಬರು ಬೆಂಬಲವಾಗಿ ಒಟ್ಟಿಗೆ ಬರೆಯಬೇಕು ಎಂಬುವು ಅದರ ಮುಖ್ಯ ನಿಯಮಗಳು. ಹೊರಗೆ ಹೋಗಿ ಬರೆಯುವುದು ನಮ್ಮವರಿಗೂ ಹೊಸದಲ್ಲ. ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ್ ಬೋಸ್ ವಿದ್ಯಾರ್ಥಿಗಳನ್ನು ಹೊರಗೆ ಕರೆದೊಯ್ದು ಬರೆಸುತ್ತಿದ್ದರು; ತಾವು ಕಂಡದ್ದನ್ನು ಪೋಸ್ಟ್ ಕಾರ್ಡುಗಳ ಮೇಲೆ ಬರೆಯುತ್ತಿದ್ದರು. ಸ್ವಾತಂತ್ರ್ಯ ಹೋರಾಟಗಾರರೂ 'ತಾಯಿನಾಡು' ಪತ್ರಿಕೆಯ ಸಂಪಾದಕರೂ ಆಗಿದ್ದ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳ ಎದುರಿಗೇ ನಿಂತು ಚಿತ್ರಿಸಿದವರು. ಆದರೆ ನಾನಿಲ್ಲಿ ಹೇಳುತ್ತಿರುವುದು ದೊಡ್ಡ ಕಲಾವಿದರ ವಿಷಯವಲ್ಲ. ಚಿತ್ರದಿಂದ ಹೆಸರೂ ಬೇಡ, ಹಣವೂ ಬೇಡ ಎನ್ನುವವರು ಎರಡು ಗಂಟೆ ಒಂದೇ ಕಡೆ ಕುಳಿತಾಗ ಅವರ ಕಣ್ಣಿಗೆ ಏನಾಗುತ್ತದೆ ಎಂಬ ವಿಷಯ.

ಕಣ್ಣಿಗೆ ಆಗುವುದೇನು?

ಒಂದು ಉದಾಹರಣೆ ಕೊಡುತ್ತೇನೆ. ಮೈಸೂರಿನ ಪುರಭವನದ ಬಳಿ ಇರುವ ದೊಡ್ಡ ಗಡಿಯಾರ 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ಕಟ್ಟಿದ 75 ಅಡಿ ಎತ್ತರದ ಗೋಪುರ. ಅದರ ಮುಖದ ಮೇಲಿರುವ ಅಂಕಿಗಳು ರೋಮನ್ ಅಂಕಿಗಳೋ, ಇಂಗ್ಲಿಷ್ ಅಂಕಿಗಳೋ, ಕನ್ನಡದವೋ ಎಂದು ನನ್ನ ಸಹಪಾಠಿಗಳನ್ನು ಕೇಳಿದ್ದೇನೆ. ದಿನವೂ ಅದರ ಕೆಳಗೇ ಬಸ್ಸಿನಲ್ಲಿ ಓಡಾಡುವವರೂ ತಡವರಿಸುತ್ತಾರೆ. ಅವು ಕನ್ನಡ ಅಂಕಿಗಳು. ಸಮಯ ತಿಳಿಯಲು ಅಂಕಿಯನ್ನು ನೋಡಬೇಕಾಗಿಲ್ಲ, ಮುಳ್ಳಿನ ದಿಕ್ಕು ಸಾಕು. ಹಾಗಾಗಿ ವರ್ಷಗಟ್ಟಲೆ ಗಡಿಯಾರ ನೋಡಿದವರು ಗಡಿಯಾರವನ್ನು ನೋಡಿರುವುದಿಲ್ಲ. ಅದನ್ನು ಬರೆಯಲು ಕುಳಿತವರು ಮಾತ್ರ ಹತ್ತು ನಿಮಿಷದಲ್ಲಿ ಅಂಕಿಗಳಿಗೆ ಬಂದು ನಿಲ್ಲಲೇಬೇಕು, ಏಕೆಂದರೆ ಕಾಗದದ ಮೇಲೆ ಏನಾದರೂ ಒಂದನ್ನು ಬರೆಯಬೇಕಲ್ಲ.

ಬರೆಯುವವರ ಕೈ ಕಣ್ಣಿಗೆ ಪ್ರಶ್ನೆ ಕೇಳುತ್ತಲೇ ಇರುತ್ತದೆ. ಗೋಪುರದ ಅಗಲ ಎತ್ತರದಲ್ಲಿ ಎಷ್ಟು ಪಾಲು? ಇದನ್ನು ತಿಳಿಯಲು ಕೈಯನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳಿಂದ ಅಳೆಯುತ್ತೇವೆ. ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳು ನಮ್ಮ ತೋಳಿನ ತುದಿಯಲ್ಲೇ ಇವೆ; ಕೈ ಮಡಚಿದರೆ ಅಳತೆ ಕೆಡುವುದೇಕೆ ಎಂಬುದಕ್ಕೂ ಉತ್ತರ ಅಲ್ಲೇ ಇದೆ. ದುಂಡನೆಯ ಗಡಿಯಾರದ ಮುಖ ಪಕ್ಕದಿಂದ ಮೊಟ್ಟೆಯಂತೆ ಕಾಣುವುದೇಕೆ? ನಿಂತಾಗ ಕಂಡ ದಿಗಂತದ ಗೆರೆ ಕುಳಿತಾಗ ಕೆಳಗಿಳಿಯುವುದೇಕೆ? ನೆರಳನ್ನು ಬರೆಯುವಾಗ ಆತುರ ಏಕೆ? ಸೂರ್ಯ ಗಂಟೆಗೆ 15 ಡಿಗ್ರಿಯಂತೆ ಸರಿಯುತ್ತಿರುತ್ತಾನೆ. ಎರಡು ಗಂಟೆ ಕಳೆಯುವಷ್ಟರಲ್ಲಿ 30 ಡಿಗ್ರಿ. ಏಳಕ್ಕೆ ಆರಂಭಿಸಿದ ಚಿತ್ರಕ್ಕೆ ಒಂಬತ್ತರ ನೆರಳು ಹೊಂದುವುದಿಲ್ಲ. ಅದಕ್ಕೇ ಅನುಭವಿಗಳು ಮೊದಲು ನೆರಳಿನ ಅಂಚನ್ನು ಗುರುತು ಹಾಕಿಕೊಳ್ಳುತ್ತಾರೆ. ಭೂಮಿಯ ಭ್ರಮಣೆಯ ಪಾಠವನ್ನು ನಾನು ಅನೇಕ ಸಲ ಓದಿದ್ದೆ. ಅದು ನಡೆಯುತ್ತಿರುವುದನ್ನು ಕುಳಿತಲ್ಲೇ ಕಂಡದ್ದು ಇಂಥ ಬೆಳಗುಗಳಲ್ಲಿ.

ಹಲಗೆಯ ಹೂವು, ಗಿಡದ ಹೂವು

ಇದಕ್ಕೂ ಬೋಧನಾಭ್ಯಾಸಕ್ಕೂ ಸಂಬಂಧವೇನು ಎಂದು ಕೇಳಬಹುದು. ಸಂಬಂಧ ನನಗೆ ಕಂಡದ್ದು ಒಂದು ಪ್ರೌಢಶಾಲೆಯಲ್ಲಿ, ಸಹಪಾಠಿಯ ಪಾಠಕ್ಕೆ ವೀಕ್ಷಕನಾಗಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾಗ. ಹತ್ತನೆಯ ತರಗತಿ, ಹೂವಿನ ಭಾಗಗಳ ಪಾಠ. ಪಾಠ ಯೋಜನೆ ಅಚ್ಚುಕಟ್ಟಾಗಿತ್ತು. ಬೋಧನೋಪಕರಣವಾಗಿ ಕೆಂಪು ದಾಸವಾಳದ ಹೂಗಳನ್ನು ಪ್ರತಿ ಬೆಂಚಿಗೂ ಹಂಚಲಾಗಿತ್ತು. ಹಲಗೆಯ ಮೇಲೆ ಪಠ್ಯಪುಸ್ತಕದ ಮಾದರಿಯ ಹೂವಿನ ನೀಳಛೇದ, ಬಣ್ಣದ ಸೀಮೆಸುಣ್ಣದಲ್ಲಿ ಸುಂದರವಾಗಿತ್ತು. 'ಹೂವನ್ನು ಗಮನಿಸಿ ಚಿತ್ರ ಬರೆದು ಭಾಗಗಳನ್ನು ಗುರುತಿಸಿ' ಎಂಬುದು ಚಟುವಟಿಕೆ.

ಪಠ್ಯಪುಸ್ತಕದ ಹೂವಿನಲ್ಲಿ ನಡುವೆ ಒಂದು ಶಲಾಕೆ, ಅದರ ಎರಡೂ ಬದಿಗೆ ಬಿಡಿಬಿಡಿಯಾಗಿ ನಿಂತ ಕೇಸರಗಳು. ದಾಸವಾಳ ಹಾಗಿಲ್ಲ. ಅದರಲ್ಲಿ ಕೇಸರದಂಡಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಒಂದು ಕೊಳವೆಯಾಗಿವೆ. ಆ ಕೊಳವೆಯ ಮೈಮೇಲೆ ಸುತ್ತಲೂ ಹಳದಿ ಪರಾಗಕೋಶಗಳು ಗುಂಡುಪಿನ್ನುಗಳಂತೆ ಚುಚ್ಚಿಕೊಂಡಿವೆ. ಕೊಳವೆಯ ಒಳಗಿಂದ ಶಲಾಕಾನಳಿಕೆ ಹಾದು ಮೇಲೆ ಬಂದು, ತುದಿಯಲ್ಲಿ ಐದಾಗಿ ಒಡೆದು, ಐದು ಕೆಂಪು ಶಲಾಕಾಗ್ರಗಳಾಗಿದೆ. ಹಸಿರು ಪುಷ್ಪಪತ್ರಗಳ ಹೊರಗೆ ಇನ್ನೊಂದು ಸುತ್ತು ಸಣ್ಣ ಹಸಿರು ಎಸಳುಗಳೂ ಇವೆ. ಪುಸ್ತಕದ ಚಿತ್ರದಲ್ಲಿ ಅವಕ್ಕೆ ಹೆಸರೂ ಇಲ್ಲ, ಜಾಗವೂ ಇಲ್ಲ.

ನನ್ನ ಮುಂದಿನ ಬೆಂಚಿನ ಹುಡುಗಿ ಹೂವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ ಆ ಕೊಳವೆಯನ್ನೇ ಬರೆದಳು. ಸುತ್ತಲೂ ಚುಕ್ಕಿಗಳನ್ನಿಟ್ಟಳು, ತುದಿಗೆ ಐದು ಕವಲು ಬಿಡಿಸಿದಳು. ಗೆರೆ ಸೊಟ್ಟಗಿತ್ತು, ಚಿತ್ರ ಸರಿಯಾಗಿತ್ತು. ಪಕ್ಕದವಳು ಇಣುಕಿ ನೋಡಿ, 'ಏ, ತಪ್ಪು ಕಣೇ, ಬೋರ್ಡಲ್ಲಿ ಹಂಗಿಲ್ಲ' ಎಂದಳು. ಇವಳು ಹಲಗೆ ನೋಡಿದಳು, ಹೂ ನೋಡಿದಳು. ಆಮೇಲೆ ರಬ್ಬರ್ ತೆಗೆದುಕೊಂಡು ಕೊಳವೆಯನ್ನು ಅಳಿಸಿ, ಎರಡು ಬದಿಗೆ ಎರಡೆರಡು ಕೇಸರಗಳನ್ನು ಬರೆದಳು. ಪಾಠದ ಕೊನೆಗೆ ತರಗತಿಯ ಎಲ್ಲ ಪುಸ್ತಕಗಳಲ್ಲೂ ಒಂದೇ ಹೂವು ಇತ್ತು, ಅದು ದಾಸವಾಳವಾಗಿರಲಿಲ್ಲ.

ಇದರಲ್ಲಿ ಪಾಠ ಮಾಡಿದವರ ದೋಷ ಹುಡುಕುವುದು ನನ್ನ ಉದ್ದೇಶವಲ್ಲ. ನಿಜವಾದ ಹೂವನ್ನು ತಂದುಕೊಟ್ಟ ಪಾಠ ಅದು. ಎಷ್ಟೋ ಕಡೆ ಅದೂ ಇರುವುದಿಲ್ಲ. ಆದರೆ ಆ ಮಗು ಅಂದು ಕಲಿತದ್ದೇನು ಎಂಬುದನ್ನು ಯೋಚಿಸಬೇಕು. ಕಣ್ಣಿಗೆ ಕಂಡದ್ದಕ್ಕೂ ಹಲಗೆಗೂ ಜಗಳ ಬಂದರೆ ಕಣ್ಣು ಸೋಲಬೇಕು ಎಂಬುದನ್ನು ಅವಳು ಕಲಿತಳು. ವಿಜ್ಞಾನದ ಪಾಠದಿಂದ ಇದಕ್ಕಿಂತ ತದ್ವಿರುದ್ಧವಾದ ಕಲಿಕೆ ಇನ್ನೊಂದಿರಲಾರದು.

ಪಠ್ಯಪುಸ್ತಕದ ಚಿತ್ರ ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ಅದು ಸಾವಿರ ಹೂಗಳನ್ನು ನೋಡಿದವರು ಮಾಡಿಕೊಟ್ಟ ಸಾರಾಂಶ. ಹೆಣ್ಣು ಭಾಗ ನಡುವೆ, ಗಂಡು ಭಾಗ ಸುತ್ತ, ದಳ ಅದರಾಚೆ ಎಂಬ ಸಾಮಾನ್ಯ ರಚನೆಯನ್ನು ಅದು ಒಂದೇ ನೋಟದಲ್ಲಿ ತಿಳಿಸುತ್ತದೆ. ಪರೀಕ್ಷೆಗೂ ಅದು ಬೇಕು. ಆದರೆ ಸಾರಾಂಶವನ್ನು ಮೂಲಕ್ಕಿಂತ ಮೊದಲೇ ಕೊಟ್ಟು, ಮೂಲವನ್ನು ಸಾರಾಂಶಕ್ಕೆ ತಕ್ಕಂತೆ ತಿದ್ದಿಸುವುದು ಸರಿಯಲ್ಲ. ಮೊದಲು ಹತ್ತು ನಿಮಿಷ ಹೂವನ್ನು ನೋಡಿ ಬರೆಯಲಿ. ಆಮೇಲೆ ಹಲಗೆಯ ಚಿತ್ರ ಬರಲಿ. ನಂತರ 'ನಿಮ್ಮ ಹೂವಿಗೂ ಈ ಹೂವಿಗೂ ಏನು ವ್ಯತ್ಯಾಸ?' ಎಂದು ಕೇಳಿದರೆ, ಕೂಡಿದ ಕೇಸರ ಮತ್ತು ಬಿಡಿ ಕೇಸರದ ಪಾಠ ಮಕ್ಕಳ ಬಾಯಿಂದಲೇ ಬರುತ್ತದೆ.

ಜೀವಕೋಶದ ಪಾಠದಲ್ಲಿ ನಾವೆಲ್ಲ ರಾಬರ್ಟ್ ಹುಕ್ ಹೆಸರನ್ನೂ 1665 ಎಂಬ ಇಸವಿಯನ್ನೂ ಬಾಯಿಪಾಠ ಮಾಡಿಸುತ್ತೇವೆ. ಆ ವರ್ಷ ಹೊರಬಂದ ಅವರ 'ಮೈಕ್ರೋಗ್ರಾಫಿಯಾ' ಒಂದು ಚಿತ್ರಪುಸ್ತಕವೂ ಹೌದು ಎಂಬುದನ್ನು ಹೇಳುವುದಿಲ್ಲ. ಹುಕ್ ಹುಡುಗನಾಗಿದ್ದಾಗ ಸ್ವಲ್ಪ ಕಾಲ ಲಂಡನ್ನಿನ ಚಿತ್ರಕಾರ ಪೀಟರ್ ಲೆಲಿ ಅವರ ಬಳಿ ಇದ್ದವರು. ಒಂದು ವಸ್ತುವನ್ನು ಬೇರೆಬೇರೆ ಬೆಳಕಿನಲ್ಲಿ, ಬೇರೆಬೇರೆ ಕೋನದಿಂದ ಅನೇಕ ಸಲ ನೋಡಿ ಅದರ ನಿಜ ಆಕಾರ ಖಚಿತವಾಗುವ ತನಕ ಚಿತ್ರಕ್ಕೆ ಕೈಹಚ್ಚುತ್ತಿರಲಿಲ್ಲ ಎಂದು ಅವರೇ ಮುನ್ನುಡಿಯಲ್ಲಿ ತಿಳಿಸಿದ್ದಾರೆ. ಜೀವಶಾಸ್ತ್ರದ ಆ ಮೊದಲ ಪುಟಗಳನ್ನು ಬರೆದದ್ದು ನೋಡಿ ಬರೆಯುವ ಅಭ್ಯಾಸವಿದ್ದ ಕೈ.

ವೀಕ್ಷಣಾ ಪಟ್ಟಿಯಲ್ಲಿ ಇಲ್ಲದ ಕಾಲಂ

ಅಂದು ನನ್ನ ಕೈಯಲ್ಲಿದ್ದ ಪಾಠ ವೀಕ್ಷಣಾ ಪಟ್ಟಿಯಲ್ಲಿ ಪೀಠಿಕೆ, ಪ್ರಶ್ನಿಸುವ ಕೌಶಲ, ಕಪ್ಪುಹಲಗೆಯ ಬಳಕೆ, ಬೋಧನೋಪಕರಣ, ಪುನರ್ಬಲನ, ಮುಕ್ತಾಯ ಎಲ್ಲಕ್ಕೂ ಕಾಲಂ ಇತ್ತು. ಅಳಿಸಿಹೋದ ಆ ಚಿತ್ರಕ್ಕೆ ಕಾಲಂ ಇರಲಿಲ್ಲ. ನಮ್ಮ ವೀಕ್ಷಣಾ ದಾಖಲೆಗಳನ್ನು ತೆರೆದು ನೋಡಿದರೆ ಒಂದೇ ಬಗೆಯ ವಾಕ್ಯಗಳು ಕಾಣುತ್ತವೆ: 'ಪೀಠಿಕೆ ಉತ್ತಮವಾಗಿತ್ತು', 'ಹಲಗೆ ಕೆಲಸ ಚೆನ್ನಾಗಿತ್ತು', 'ಧ್ವನಿ ಇನ್ನಷ್ಟು ಏರಿಸಬಹುದಿತ್ತು'. ಯಾರು ಯಾರ ಪಾಠ ನೋಡಿದರೂ ಇವೇ ಮಾತು. ಇವು ಪಾಠ ನೋಡಿ ಬರೆದ ವಾಕ್ಯಗಳಲ್ಲ, ಪಟ್ಟಿ ನೋಡಿ ಬರೆದ ವಾಕ್ಯಗಳು. ಮಕ್ಕಳು ಹಲಗೆಯ ಹೂವನ್ನು ಬರೆದಂತೆ ನಾವೂ ಕಾಲಂಗಳ ತರಗತಿಯನ್ನು ಬರೆಯುತ್ತಿದ್ದೇವೆ.

ಹೊರಸಂಚಾರದಲ್ಲಿ ಕಲಿತ ಅಭ್ಯಾಸ ನನಗೆ ಇಲ್ಲಿ ನೆರವಾಗಿದೆ. ಈಗ ಯಾವುದೇ ಪಾಠದ ವೀಕ್ಷಣೆಗೆ ಕುಳಿತಾಗ ಮೊದಲ ಐದು ನಿಮಿಷ ಪಟ್ಟಿಯನ್ನು ಮಡಚಿಟ್ಟು, ಹಾಳೆಯ ಹಿಂಬದಿಯಲ್ಲಿ ತರಗತಿಯ ಒರಟು ಚಿತ್ರವೊಂದನ್ನು ಬರೆಯುತ್ತೇನೆ. ಬೆಂಚುಗಳು ಎಲ್ಲಿವೆ, ಕಿಟಕಿಯ ಬೆಳಕು ಹಲಗೆಯ ಯಾವ ಭಾಗಕ್ಕೆ ಬಡಿಯುತ್ತಿದೆ, ಶಿಕ್ಷಕರು ಎಲ್ಲಿಂದ ಎಲ್ಲಿಗೆ ನಡೆದರು, ಯಾವ ಸಾಲಿನವರ ತಲೆ ಯಾವ ಕಡೆ ತಿರುಗಿದೆ. ಮುಖಗಳನ್ನು ಬರೆಯುವುದಿಲ್ಲ, ಬೊಟ್ಟುಗಳೂ ಬಾಣಗಳೂ ಸಾಕು. ಹೀಗೆ ಬರೆದ ಒಂದು ಚಿತ್ರದಲ್ಲಿ ಕಿಟಕಿ ಬದಿಯ ಮೂರು ಬೆಂಚಿನವರೆಲ್ಲ ಬಲಕ್ಕೆ ವಾಲಿ ಕುಳಿತಿದ್ದರು. ಬೆಳಕು ಬಿದ್ದು ಹಲಗೆಯ ಎಡ ಅರ್ಧ ಅವರಿಗೆ ಹೊಳೆಯುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಪಟ್ಟಿಯ ಪ್ರಕಾರ ಅಲ್ಲಿ ಹಲಗೆ ಕೆಲಸ ಉತ್ತಮವಾಗಿಯೇ ಇತ್ತು. ಪಾಠದ ನಂತರದ ಚರ್ಚೆಯಲ್ಲಿ ಆ ಚಿತ್ರವನ್ನು ತೋರಿಸಿದಾಗ ಪಾಠ ಮಾಡಿದ ಗೆಳತಿ ಮಾಡಿದ ಮೊದಲ ಕೆಲಸ, ಮರುದಿನ ಹಲಗೆಯ ಬಲ ಭಾಗದಿಂದ ಬರೆಯಲು ತೊಡಗಿದ್ದು. 'ಉತ್ತಮ' ಎಂಬ ಪದದಿಂದ ಆಗದ ಉಪಕಾರ ಕೆಲವು ಬೊಟ್ಟುಗಳಿಂದ ಆಯಿತು.

ಗುಂಪು ಏಕೆ ಬೇಕು?

ನೋಡಿ ಬರೆಯುವುದನ್ನು ಒಬ್ಬರೇ ಮನೆಯಲ್ಲಿ ಕುಳಿತೂ ಮಾಡಬಹುದಲ್ಲ ಎಂದರೆ, ಮಾಡಬಹುದು. ಆದರೆ ಗುಂಪು ಮೂರು ಕೆಲಸಗಳನ್ನು ಮಾಡುತ್ತದೆ.

ಮೊದಲನೆಯದು ಧೈರ್ಯ. ಸಂತೆಯ ನಡುವೆ ಒಬ್ಬರೇ ಕುಳಿತು ಬರೆಯಲು ನಾಚಿಕೆಯಾಗುತ್ತದೆ. ಹತ್ತು ಜನ ಕುಳಿತಾಗ ನಾಚಿಕೆ ಹತ್ತಾಗಿ ಹಂಚಿಹೋಗುತ್ತದೆ.

ಎರಡನೆಯದು, ಒಂದೇ ವಸ್ತು ಹಲವು ಬಗೆಯಲ್ಲಿ ಕಾಣಬಹುದು ಎಂಬ ತಿಳಿವಳಿಕೆ. ಚಿಕ್ಕ ಗಡಿಯಾರದ ಮುಂದೆ ಹದಿನಾಲ್ಕು ಜನ ಬರೆದ ದಿನ ನೆಲದ ಮೇಲೆ ಹದಿನಾಲ್ಕು ಬೇರೆ ಚಿತ್ರಗಳಿದ್ದವು. ಒಬ್ಬರು ಗೋಪುರವನ್ನಷ್ಟೇ ಬರೆದಿದ್ದರು. ಇನ್ನೊಬ್ಬರಲ್ಲಿ ಗೋಪುರ ಮೂಲೆಗೆ ಸರಿದು ಹಾಳೆಯ ತುಂಬ ವಿದ್ಯುತ್ ತಂತಿಗಳಿದ್ದವು. ಮತ್ತೊಬ್ಬರು ಅದರ ಬುಡದಲ್ಲಿ ಮಲ್ಲಿಗೆ ಕಟ್ಟುತ್ತಿದ್ದವರ ಬೆರಳುಗಳನ್ನು ಮಾತ್ರ ಬರೆದಿದ್ದರು. ಯಾವುದೂ ತಪ್ಪಲ್ಲ, ಎಲ್ಲವೂ ಅಲ್ಲಿದ್ದವೇ. ನಲವತ್ತು ಪುಸ್ತಕಗಳಲ್ಲಿ ಒಂದೇ ಚಿತ್ರವಿದ್ದರೆ ಸಂತೋಷಪಡುವ ತರಬೇತಿ ಪಡೆಯುತ್ತಿರುವ ನಮಗೆ ಇದನ್ನು ಕಣ್ಣಾರೆ ಕಾಣುವ ಅಗತ್ಯವಿದೆ. ತರಗತಿಯಲ್ಲಿ ನಲವತ್ತು ಮಕ್ಕಳು ನಲವತ್ತು ಕಡೆಯಿಂದ ನೋಡುತ್ತಿರುತ್ತಾರೆ.

ಮೂರನೆಯದು ಹಿಮ್ಮಾಹಿತಿ. ಮಾರುಕಟ್ಟೆಯ ಒಳಗೆ ಗುಂಪಿನ ಹಿರಿಯರೊಬ್ಬರು ಬಾಳೆಹಣ್ಣಿನ ಅಂಗಡಿ ಬರೆಯುತ್ತಿದ್ದರು. ಅಂಗಡಿಯವರು ಬಂದು ಬಗ್ಗಿ ನೋಡಿ, 'ಹಗ್ಗ ಎಲ್ಲಿ ಸಾರ್? ಗೊನೆ ಏನು ಗಾಳೀಲಿ ನಿಂತೈತಾ?' ಎಂದರು. ಎಲ್ಲರೂ ನಕ್ಕೆವು; ಹಗ್ಗ ಬಂತು; ಚಿತ್ರಕ್ಕೆ ತೂಕ ಬಂತು. ಒಳ್ಳೆಯ ಹಿಮ್ಮಾಹಿತಿ ಎಂದರೆ ಇದು. ಅದು ಬರೆದವರ ಬಗ್ಗೆ ಅಲ್ಲ, ಬರೆದ ವಸ್ತುವಿನ ಬಗ್ಗೆ. ನಿರ್ದಿಷ್ಟವಾಗಿರುತ್ತದೆ, ಆ ಕ್ಷಣದಲ್ಲೇ ಸಿಗುತ್ತದೆ, ಮುಂದೇನು ಮಾಡಬೇಕು ಎಂಬುದು ಅದರಲ್ಲೇ ಇರುತ್ತದೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಬಗ್ಗೆ ನಾವು ಬರೆಯುವ ಪುಟಗಟ್ಟಲೆ ಟಿಪ್ಪಣಿಯ ತಿರುಳು ಆ ಒಂದು ಪ್ರಶ್ನೆಯಲ್ಲಿತ್ತು.

ಬರಬಹುದಾದ ಆಕ್ಷೇಪಗಳು

'ನನಗೆ ಚಿತ್ರ ಬರುವುದಿಲ್ಲ' ಎಂಬುದು ಮೊದಲ ಆಕ್ಷೇಪ. ವಿಜ್ಞಾನದವರಿಗೆ ಚಿತ್ರ 'ಬರಬೇಕಾಗಿಲ್ಲ', ಕಾಣಬೇಕು. ಆ ಹುಡುಗಿಯ ಗೆರೆ ಸೊಟ್ಟಗಿತ್ತು, ನೋಟ ನೆಟ್ಟಗಿತ್ತು. ಶಿಕ್ಷಕರೇ 'ನನಗೆ ಬರಲ್ಲ' ಎಂದು ಮಕ್ಕಳೆದುರು ಹೇಳಿದರೆ ಮಕ್ಕಳೂ ಅದನ್ನೇ ಕಲಿಯುತ್ತಾರೆ. ಸೊಟ್ಟ ಗೆರೆಯಲ್ಲೇ ಮಕ್ಕಳ ಜೊತೆ ಕುಳಿತು ಬರೆಯುವ ಶಿಕ್ಷಕರನ್ನು ಕಂಡ ತರಗತಿ ರಬ್ಬರನ್ನು ಕಡಿಮೆ ಬಳಸುತ್ತದೆ.

'ಮೊಬೈಲ್ ಇರುವಾಗ ಬರೆಯುವುದೇಕೆ?' ಎಂಬುದು ಎರಡನೆಯದು. ಫೋಟೊ ದಾಖಲೆಗೆ ಒಳ್ಳೆಯದು. ಆದರೆ ಕ್ಯಾಮೆರಾ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತದೆ. ಬರೆಯುವ ಕೈ ಒಂದೊಂದನ್ನೇ ಆರಿಸಬೇಕು. ಆರಿಸುವಾಗ ಯೋಚಿಸಬೇಕು, ಯೋಚಿಸಿದ್ದು ನೆನಪಿನಲ್ಲಿ ಉಳಿಯುತ್ತದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪದಗಳನ್ನು ಅಕ್ಷರದಲ್ಲಿ ಬರೆದುಕೊಂಡವರಿಗಿಂತ ಅವುಗಳ ಚಿತ್ರ ಬಿಡಿಸಿದವರು ಹೆಚ್ಚು ಪದಗಳನ್ನು ನೆನಪಿಟ್ಟುಕೊಂಡಿದ್ದರು. ಚಿತ್ರ ಚೆನ್ನಾಗಿತ್ತೇ ಎಂಬುದು ಅಲ್ಲಿ ಮುಖ್ಯವಾಗಿರಲಿಲ್ಲ.

'ಇದು ಚಿತ್ರಕಲಾ ಶಿಕ್ಷಕರ ಕೆಲಸ' ಎಂಬುದು ಮೂರನೆಯದು. ಚಿತ್ರಕಲಾ ಶಿಕ್ಷಕರಿಲ್ಲದ ಪ್ರೌಢಶಾಲೆಗಳನ್ನು ನಾವೆಲ್ಲ ಕಂಡಿದ್ದೇವೆ. ಇದ್ದರೂ ದಾಸವಾಳದ ಪಾಠ ವಿಜ್ಞಾನ ಶಿಕ್ಷಕರದ್ದೇ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಕಲಾ ಶಿಕ್ಷಣವನ್ನು ಹತ್ತನೆಯ ತರಗತಿಯವರೆಗೆ ಎಲ್ಲರಿಗೂ ಬೇಕೆಂದಿತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಇತರ ವಿಷಯಗಳ ಬೋಧನೆಯಲ್ಲಿ ಕಲೆಯನ್ನು ಬೆರೆಸಬೇಕೆಂದು ಹೇಳುತ್ತದೆ. ಬೆರೆಸುವುದೆಂದರೆ ದ್ಯುತಿಸಂಶ್ಲೇಷಣೆಗೆ ಹಾಡು ಕಟ್ಟುವುದು ಮಾತ್ರವಲ್ಲ. ಎಲೆಯನ್ನು ನೋಡಿ ಬರೆಯುವುದೂ ಅದೇ, ಅದಕ್ಕೆ ಖರ್ಚೂ ಇಲ್ಲ.

ನಾಲ್ಕನೆಯದು ಹೆಚ್ಚು ಗಂಭೀರವಾದದ್ದು: 'ಅಂಕವಿಲ್ಲದಿದ್ದರೆ ಯಾರೂ ಬರುವುದಿಲ್ಲ.' ಇದನ್ನು ತಳ್ಳಿಹಾಕುವಂತಿಲ್ಲ. ನಮ್ಮ ದಿನಗಳು ಅಂಕಗಳಿಂದಲೇ ಜೋಡಿಸಲ್ಪಟ್ಟಿವೆ. ಆದರೆ ಅಂಕ ಸೇರಿದ ಮೇಲೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತು. ಎರಡು ವರ್ಷದ ಬಿ.ಇಡಿ.ಯ 2014ರ ಚೌಕಟ್ಟಿನಲ್ಲಿ 'ಶಿಕ್ಷಣದಲ್ಲಿ ನಾಟಕ ಮತ್ತು ಕಲೆ' ಎಂಬ ಒಳ್ಳೆಯ ಪತ್ರಿಕೆ ಇದೆ. ಅದರ ಫಲವಾಗಿ ಉಳಿಯುವುದು ಬಹುತೇಕ ಒಂದು ರೆಕಾರ್ಡ್ ಪುಸ್ತಕ. ಹಿಂದಿನ ವರ್ಷದವರ ರೆಕಾರ್ಡ್ ಕೈಯಿಂದ ಕೈಗೆ ದಾಟುತ್ತದೆ. ವಾರ್ಲಿ ಚಿತ್ರ, ರಂಗೋಲಿ, ಚುಕ್ಕಿ ಚಿತ್ರಗಳು ಪುಟಕ್ಕೆ ಪುಟ ನಕಲಾಗುತ್ತವೆ. ಮತ್ತೆ ಅದೇ ಎರಡನೆಯ ಅರ್ಥದ ನೋಡಿ ಬರೆಯುವುದು. ಅಂಕವಿದ್ದಲ್ಲಿ ಯಾರೂ ಸೊಟ್ಟ ಗೆರೆಗೆ ಸಿದ್ಧರಾಗುವುದಿಲ್ಲ. ಗೊತ್ತಿರುವ ಸುಂದರ ಚಿತ್ರವನ್ನೇ ಬರೆಯುತ್ತಾರೆ. ನೋಡುವುದನ್ನು ಕಲಿಯಲು ಸೊಟ್ಟ ಗೆರೆಯ ಸ್ವಾತಂತ್ರ್ಯ ಬೇಕು. ಅಂಕವಿಲ್ಲದೆ ಭಾನುವಾರ ಬೆಳಿಗ್ಗೆ ಏಳಕ್ಕೆ ಎದ್ದು ಬರುವ ಹಿರಿಯರನ್ನು ನಾನು ಕಂಡಿದ್ದೇನೆ. ಹತ್ತೇ ಜನ ಪ್ರಶಿಕ್ಷಣಾರ್ಥಿಗಳು ಬಂದರೂ ನಷ್ಟವಿಲ್ಲ.

ಒಂದು ಸಲಹೆ

ಎರಡು ವರ್ಷದ ಅವಧಿಯಲ್ಲಿ ಶಾಲಾ ಇಂಟರ್ನ್‌ಶಿಪ್‌ಗೆ 20 ವಾರಗಳಿವೆ. ನಾನು ಕೇಳುತ್ತಿರುವುದು ಎರಡು ಬೆಳಗುಗಳನ್ನು: ಇಂಟರ್ನ್‌ಶಿಪ್‌ಗೆ ಹೋಗುವ ಮೊದಲು ಒಂದು, ಹಿಂದಿರುಗಿದ ಮೇಲೆ ಒಂದು. ಮೊದಲನೆಯದನ್ನು ಊರಿನ ಒಂದು ಜಾಗದಲ್ಲಿ ಇಟ್ಟುಕೊಳ್ಳಬಹುದು. ಕೆರೆ, ಸಂತೆ, ಬಸ್ ನಿಲ್ದಾಣ, ಹಳೆಯ ಕಟ್ಟಡ ಯಾವುದಾದರೂ ಆದೀತು. ಮೈಸೂರೇ ಆಗಬೇಕಿಲ್ಲ; ಯಾವ ತಾಲ್ಲೂಕು ಕೇಂದ್ರದಲ್ಲೂ ಒಂದು ಅರಳಿಕಟ್ಟೆ ಸಿಗುತ್ತದೆ. ಎರಡನೆಯದನ್ನು ಶಾಲೆಯ ಅಂಗಳದಲ್ಲಿ, ಮಕ್ಕಳ ಜೊತೆ ಒಂದೇ ಗಿಡದ ಸುತ್ತ ಕುಳಿತು ಮಾಡಬಹುದು.

ನಿಯಮಗಳು ಕಡಿಮೆ ಇರಲಿ. ಫೋಟೊ ನೋಡಿ ಬರೆಯುವಂತಿಲ್ಲ. ಮೊದಲ ಅರ್ಧ ಗಂಟೆ ರಬ್ಬರ್ ಬೇಡ. ತಪ್ಪಿದ ಗೆರೆಯ ಪಕ್ಕದಲ್ಲೇ ಸರಿಯಾದ ಗೆರೆ ಬರಲಿ. ಆಗ ನೋಟ ಹೇಗೆ ತಿದ್ದಿಕೊಂಡಿತು ಎಂಬುದು ಕಾಗದದ ಮೇಲೆ ಉಳಿಯುತ್ತದೆ. ಯಾರ ಮುಖವನ್ನಾದರೂ ಗುರುತು ಹತ್ತುವಂತೆ ಬರೆಯುವುದಾದರೆ ಮೊದಲು ಅವರನ್ನು ಕೇಳಬೇಕು. ಅಂಗಡಿಯ ಮುಂದೆ ಗಿರಾಕಿಗಳಿಗೆ ಅಡ್ಡವಾಗಿ ಕೂರಬಾರದು; ಕುಳಿತರೆ ಒಂದು ಚಿಪ್ಪು ಬಾಳೆಹಣ್ಣನ್ನಾದರೂ ಕೊಳ್ಳುವುದು ಮರ್ಯಾದೆ. ಕೊನೆಗೆ ಪುಸ್ತಕಗಳನ್ನು ಸಾಲಾಗಿಟ್ಟು ಪ್ರತಿಯೊಬ್ಬರೂ ಒಂದೇ ಪ್ರಶ್ನೆಗೆ ಉತ್ತರಿಸಲಿ: 'ಬರೆಯಲು ಕೂತ ಮೇಲೆ ಕಂಡದ್ದು, ಮೊದಲು ಕಾಣದ್ದು ಯಾವುದು?' 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಎಂಬ ಎರಡು ಮಾತುಗಳಿಗೆ ಅಂದು ರಜೆ.

ಮುಖ್ಯವಾದ ಇನ್ನೊಂದು ನಿಯಮ ಗುರುಗಳಿಗೆ ಸಂಬಂಧಿಸಿದ್ದು. ಅವರೂ ಬರೆಯಬೇಕು. ಮೇಲ್ವಿಚಾರಕರಾಗಿ ಸುತ್ತಾಡದೆ, ನಮ್ಮ ಪಕ್ಕದಲ್ಲಿ ಪತ್ರಿಕೆ ಹಾಸಿ ಕುಳಿತು ತಮ್ಮ ಪುಸ್ತಕವನ್ನೂ ಸಾಲಿನಲ್ಲಿ ಇಡಬೇಕು. ಪಾಠದ ಹಿಂದಿನ ಬೆಂಚಿನಲ್ಲಿ ನಮ್ಮನ್ನು ನೋಡಿ ಬರೆಯುವವರು ಒಂದು ದಿನ ನಮ್ಮ ಜೊತೆ ಮರವನ್ನು ನೋಡಿ ಬರೆದರೆ, ನೋಡುವುದು ಎಷ್ಟು ಕಷ್ಟ ಎಂಬುದು ಇಬ್ಬರಿಗೂ ಒಟ್ಟಿಗೇ ತಿಳಿಯುತ್ತದೆ. ಆಮೇಲೆ ನಡೆಯುವ ಪಾಠ ಚರ್ಚೆಗಳ ಭಾಷೆ ಬದಲಾಗುತ್ತದೆ ಎಂಬುದು ನನ್ನ ನಂಬಿಕೆ.

ಮುಂದಿನ ಇಂಟರ್ನ್‌ಶಿಪ್ ತಂಡ ಶಾಲೆಗಳಿಗೆ ಹೊರಡಲು ಇನ್ನೂ ಸಮಯವಿದೆ. ಅದಕ್ಕೂ ಮೊದಲಿನ ಒಂದು ಭಾನುವಾರವನ್ನು ಕಾಲೇಜು ಗೊತ್ತುಮಾಡಿದರೆ ಜಾಗ ಹುಡುಕುವ, ಪೆನ್ಸಿಲ್ ಹಂಚುವ ಕೆಲಸವನ್ನು ನಾವು ಕೆಲವರು ವಹಿಸಿಕೊಳ್ಳಲು ಸಿದ್ಧ. ಬರುವವರು ಒಂದು ಪುಸ್ತಕ, ಒಂದು ಹಳೆಯ ಪತ್ರಿಕೆ ತಂದರೆ ಸಾಕು.

— ಪ್ರಶಿಕ್ಷಣಾರ್ಥಿ, ಬಿ.ಎಸ್‌ಸಿ. ಬಿ.ಇಡಿ.